ಶ್ರಾವಣದಲ್ಲಿ ಹನ್ನೆರಡು ಮೊಟ್ಟೆ

ಜುಲೈ 28, ಸೋಮವಾರ

ಮತ್ತೆ ಹಿಸ್ಟರಿ ಕ್ಲಾಸು. ಮತ್ತೆ ಕೊನೇ ಬೆಂಚು. ಫೋಟೋಗ್ರಫಿಗೆ ಸೇರಿದ್ದು ಕ್ಯಾಮೆರಾ ಹಿಡಿಯೋಕೆ, ಅದನ್ನು ಕಂಡುಹಿಡಿದು ಸತ್ತುಹೋದ ಫ್ರೆಂಚರ ಇಸವಿ ಬಾಯಿಪಾಠ ಮಾಡೋಕಲ್ಲ. ಹೋದ ಸೆಮಿಸ್ಟರಿನಲ್ಲಿ ಫೇಲಾದ ಒಂದೇ ಪೇಪರ್ ಇದು. ಈ ಸಲವೂ ಹೋದರೆ ವರ್ಷವೇ ಹೋಯಿತು. ಕೆ.ಆರ್. ನಗರದಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಅದೇ ಮಾತು: "ಆಗ್ಲಿಲ್ಲ ಅಂದ್ರೆ ಬಂದ್ಬುಡು ಸಿಂಚನ, ಇಲ್ಲೇ ಬಿ.ಕಾಂ. ಮಾಡುವಂತೆ."

ಸುಷ್ಮಾ ಮೇಡಂ ಇವತ್ತು ಇಂಟರ್ನಲ್ಸ್ ಕೆಲಸ ಕೊಟ್ಟರು. ಇಬ್ಬಿಬ್ಬರು ಸೇರಿ ಹತ್ತೊಂಬತ್ತನೇ ಶತಮಾನದ ಯಾವುದಾದರೂ ವಿಧಾನದಲ್ಲಿ ಒಂದೇ ಒಂದು ಪ್ರಿಂಟ್. ಆಮೇಲೆ ವೈವಾ. "ಹೇಗೆ ಮಾಡಿದ್ರಿ ಅನ್ನೋದು ಅರ್ಧ ಮಾರ್ಕ್ಸು. ಅದು ಯಾಕೆ ಹಾಗೆ ಕಾಣುತ್ತೆ ಅನ್ನೋದು ಇನ್ನರ್ಧ."

ನಾನೂ ಗಗನಾಳೂ ಜೋಡಿ. ಕ್ಲಾಸಿಗೆ ಕ್ಲಾಸೇ ನೀಲಿ ಪ್ರಿಂಟಿಗೆ ಮುಗಿಬಿತ್ತು. ಅದು ಸುಲಭ. ಗಗನ ಎದ್ದು ನಿಂತು "ಮೇಡಂ, ನಾವು ಆಲ್ಬುಮೆನ್" ಅಂದುಬಿಟ್ಟಳು. ಹೊರಗೆ ಬಂದ ಮೇಲೆ ಕೇಳಿದೆ, ಏನದು ಅಂತ.

"ಮೊಟ್ಟೆ ಕಣೇ. ಮೊಟ್ಟೆ ಬಿಳಿ ಪೇಪರಿಗೆ ಹಚ್ಚೋದು."

ಮೊಟ್ಟೆ! ಶ್ರಾವಣದಲ್ಲಿ. ಅದೂ ನಾನಿರೋ ದೊಡ್ಡಮ್ಮನ ಮನೆಯಲ್ಲಿ.

ಜುಲೈ 29

ಬರೆದರೆ ದಾರಿ ಕಾಣಬಹುದೇನೋ.

ದೊಡ್ಡಮ್ಮ ಭಾನುವಾರ ಕೋಳಿ ಮಾಡಿದರೆ ಮೈಸೂರಿನ ಸಿದ್ಧಾರ್ಥನಗರದ ನಮ್ಮ ಕ್ರಾಸಿಗೆಲ್ಲ ಘಮ. ಆದರೆ ಮೂರು ವರ್ಷದ ಹಿಂದೆ ದೊಡ್ಡಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ಬೆಟ್ಟದ ತಾಯಿಗೆ ಹರಕೆ ಹೊತ್ತಳು. ಶ್ರಾವಣ ಪೂರ್ತಿ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಅವಳ ಹೆಸರೂ ಆ ತಾಯಿಯದೇ, ಚಾಮುಂಡೇಶ್ವರಿ. ಅಂದಮೇಲೆ ಕೇಳಬೇಕೆ? ದೊಡ್ಡಪ್ಪ ಹೊರಗೆ ಹೋಗಿಬಂದರೂ ಬಾಯಿ ಮೂಸಿ ನೋಡುತ್ತಾಳೆ.

ಅಪ್ಪನ ಹತ್ತಿರ ಜಗಳವಾಡಿ ನನ್ನನ್ನು ಈ ಕೋರ್ಸಿಗೆ ಸೇರಿಸಿದವಳೂ ಅವಳೇ. "ಹುಡುಗಿ ಕೇಳ್ತಾವ್ಳೆ, ಓದ್ಲಿ ಬುಡಿ" ಅಂತ ಒಂದೇ ಮಾತು.

ಗಗನಾಳ ಮನೆಯಲ್ಲೇ ಮಾಡೋದು ಅಂತ ತೀರ್ಮಾನ.

ಆಗಸ್ಟ್ 2, ಶನಿವಾರ

ಲಷ್ಕರ್ ಮೊಹಲ್ಲಾ. ಗಗನಾಳ ಅಡುಗೆಮನೆ. ಹನ್ನೆರಡು ಮೊಟ್ಟೆ. ಹಳದಿ ಒಂದು ಹನಿಯೂ ಬೀಳದ ಹಾಗೆ ಬಿಳಿಯನ್ನು ಬೇರೆ ಮಾಡಬೇಕು. ಮೊದಲ ಮೂರು ಕೆಡಿಸಿದೆ. ಗಗನಾಳ ಅಮ್ಮ ಪಕ್ಕದಲ್ಲೇ ಬಾಣಲೆ ಇಟ್ಟುಕೊಂಡು ಕಾಯುತ್ತಿದ್ದರು. ನಾವು ಕೆಡಿಸಿದ್ದೆಲ್ಲ ಆಮ್ಲೆಟ್ಟು. "ಇನ್ನೊಂದ್ ಕೆಡ್ಸಮ್ಮ, ಎದುರುಮನೆಯವ್ರೂ ಬಂದವ್ರೆ" ಅಂದರು. ಮತ್ತೆ ಮೂರು ತರಿಸಿದೆವು.

ಬಿಳಿಗೆ ಉಪ್ಪು, ಒಂದು ತೊಟ್ಟು ವಿನಿಗರ್. ಕೈಸೋಲುವವರೆಗೆ ಕಡೆದೆವು. ನೊರೆ ಬೆಟ್ಟದ ಹಾಗೆ ನಿಂತಿತು. ಗಗನ ಅದನ್ನು ಗಲ್ಲಕ್ಕೆ ಹಚ್ಚಿಕೊಂಡು ಗಡ್ಡ ಮಾಡಿಕೊಂಡಳು. ನಕ್ಕು ನಕ್ಕು ಹೊಟ್ಟೆನೋವು. ಎರಡು ವರ್ಷದಲ್ಲಿ ಹಿಸ್ಟರಿ ಹೆಸರಲ್ಲಿ ನಕ್ಕಿದ್ದು ಇದೇ ಮೊದಲು.

ಆಗಸ್ಟ್ 3

ತೊಂದರೆ. ನೊರೆ ಇಳಿದು ನೀರಾಗಿದೆ, ಬಟ್ಟೆಯಲ್ಲಿ ಸೋಸಿಯೂ ಆಯಿತು. ಆದರೆ ಒಂದು ವಾರ ಫ್ರಿಜ್ಜಿನಲ್ಲಿ ಇಡಬೇಕಂತೆ. ಗಗನಾಳ ಮನೆ ಫ್ರಿಜ್ಜು ನಿನ್ನೆ ರಾತ್ರಿಯೇ ಕೆಟ್ಟಿದೆ. ಕಾಲೇಜಿನಲ್ಲಿ ಫ್ರಿಜ್ಜು ಇರೋದು ಪ್ರಿನ್ಸಿಪಾಲರ ರೂಮಿನಲ್ಲಿ.

ಉಪ್ಪಿನಕಾಯಿ ಬಾಟಲಿಗೆ ತುಂಬಿ ಬ್ಯಾಗಿನಲ್ಲಿ ಮನೆಗೆ ತಂದೆ. ಫ್ರಿಜ್ಜಿನ ಹಿಂದಿನ ಮೂಲೆಗೆ ತಳ್ಳಿದೆ. ಮೇಲೆ ಚೀಟಿ: "ಫೇಸ್ ಪ್ಯಾಕ್, ಸಿಂಚನ." ದೊಡ್ಡಮ್ಮನಿಗೆ ಅರಿಸಿನ ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ. ಮುಟ್ಟೋದಿಲ್ಲ.

ಹೇಗೋ ಆಯಿತಲ್ಲ!

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಬರೆಯೋಕೆ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆ ಪೂಜೆ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಕುಂಕುಮಕ್ಕೆ ಅಕ್ಕಪಕ್ಕದವರೆಲ್ಲ ಬಂದರು. ಬಂದವರೆಲ್ಲ ದೊಡ್ಡಮ್ಮನ ಮುಖ ನೋಡೋರೇ.

"ಏನ್ರೀ ಚಾಮುಂಡಮ್ಮ, ಮುಖ ಹಿಂಗ್ ಹೊಳೀತಾ ಅದೆ? ಪಾರ್ಲರಿಗೆ ಹೋಗಿದ್ರಾ?"

ದೊಡ್ಡಮ್ಮ ಬೀಗಿದಳು. "ಪಾರ್ಲರ್ ಎಲ್ಲಿಂದ ಬಂತು! ನಮ್ ಸಿಂಚನ ಕಾಲೇಜಲ್ಲಿ ಏನೋ ಮಾಡವ್ಳೆ. ನೆನ್ನೆ ಸಾಯಂಕಾಲ ಒಂಚೂರ್ ಹಚ್ಕೊಂಡೆ. ಬಿಗಿಯಾಗಿ ಎಳ್ದಂಗಾಯ್ತು ನೋಡಿ… ಇರಿ, ನಿಮ್ಗೂ ಒಂದೊಂದ್ ಚಮಚ ಕೊಡ್ತೀನಿ."

ನನ್ನ ಕೈಯಲ್ಲಿದ್ದ ತಾಂಬೂಲದ ತಟ್ಟೆ ಬೀಳುವುದೊಂದು ಬಾಕಿ. ಅವಳ ಹಿಂದೆಯೇ ಅಡುಗೆಮನೆಗೆ ಓಡಿದೆ. ಬಾಟಲಿ ಕಿತ್ತುಕೊಂಡೆ. "ದೊಡ್ಡಮ್ಮ, ಡೇಟ್ ಆಗೋಗಿದೆ, ಯಾರಿಗೂ ಬೇಡ!" ಅಂತ ಕೂಗಿ ರೂಮಿನ ಬಾಗಿಲು ಹಾಕಿಕೊಂಡೆ.

ಎಲ್ಲರೂ ಹೋದ ಮೇಲೆ ಹೇಳಿದೆ. ಇಟ್ಟುಕೊಂಡಿರಲು ಆಗಲಿಲ್ಲ. ಅಸೈನ್‌ಮೆಂಟು, ಮೊಟ್ಟೆ, ಚೀಟಿ, ಎಲ್ಲ.

ದೊಡ್ಡಮ್ಮ ಬಯ್ಯಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡಳು. ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡಳು. ದೇವರ ಮುಂದೆ ಕೂತವಳು ಬಹಳ ಹೊತ್ತು ಏಳಲೇ ಇಲ್ಲ.

ಬಯ್ದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 11

ದೊಡ್ಡಮ್ಮ ನನ್ನ ಹತ್ತಿರ ಮಾತಾಡಿಲ್ಲ. ಎಲ್ಲ ದೊಡ್ಡಪ್ಪನ ಮೂಲಕ. ನಾನು ಎದುರಿಗೇ ಕೂತಿದ್ದೇನೆ. "ರೀ, ಅವಳ್ಗೆ ಹೇಳಿ, ಸೊಪ್ಪಿನ ಸಾರದೆ ಅಂತ." ದೊಡ್ಡಪ್ಪ ನನ್ನ ಕಡೆ ತಿರುಗಿ: "ಸಾರದೆಯಂತೆ ಕಣವ್ವ."

ಕೈತೊಳೆಯುವಾಗ ದೊಡ್ಡಪ್ಪ ಕಿವಿಯಲ್ಲಿ ಕೇಳಿದರು. "ಹಳದಿ ಎಲ್ಲಾ ಏನ್ ಮಾಡುದ್ರಿ?"

"ಗಗನಾ ಮನೇಲಿ ಆಮ್ಲೆಟ್ ಮಾಡಿದ್ರು ದೊಡ್ಡಪ್ಪ."

"ಅಯ್ಯೋ…" ಅಂದರು. ಯಾರೋ ಹತ್ತಿರದವರು ಹೋದಷ್ಟು ದುಃಖ ಆ ಮುಖದಲ್ಲಿ.

ಬಾಟಲಿ ಈಗ ಗಗನಾಳ ಮನೆಯಲ್ಲಿದೆ. ಅವರ ಫ್ರಿಜ್ಜು ಈಗ ರಿಪೇರಿ ಆಯಿತಂತೆ. ಈಗ!

ಆಗಸ್ಟ್ 13, ಬುಧವಾರ. ಸಂಜೆ

ದೊಡ್ಡಪ್ಪನಿಗೆ ಹೇಳುತ್ತಿದ್ದೆ, ಮೊಟ್ಟೆ ಬಿಟ್ಟುಬಿಡುತ್ತೇನೆ, ನಾನೂ ಎಲ್ಲರ ಹಾಗೆ ನೀಲಿ ಪ್ರಿಂಟ್ ಮಾಡುತ್ತೇನೆ ಅಂತ. ಅಡುಗೆಮನೆಯಿಂದ ಧ್ವನಿ ಬಂತು. ನೇರ ನನಗೇ.

"ಯಾಕ್ ಬುಡ್ತೀಯ? ನಿಮ್ಮಪ್ಪನ ಹತ್ರ ನಿಷ್ಠೂರ ಕಟ್ಕೊಂಡು ಸೇರ್ಸಿದ್ದು ನಾನು. ಅರ್ಧಕ್ಕೆ ಬುಡೋಕಾ?"

ನಾನು ಎದ್ದು ನಿಂತೆ.

"ನಾನು ತಾಯಿಗೆ ಹೇಳ್ಕೊಂಡಿದ್ದು ತಿನ್ನಲ್ಲ ಅಂತ. ಹಚ್ಕೊಳಲ್ಲ ಅಂತ ಹೇಳ್ಕೊಂಡಿರ್ಲಿಲ್ಲ. ಅದು ಅವ್ಳಿಗೆ ಗೊತ್ತಾಯ್ತದೆ. ನಂಗೆ ಹೊಟ್ಟೆ ಉರ್ದಿದ್ದು ಮೊಟ್ಟೆಗಲ್ಲ ಕಣೇ. ಸುಳ್ ಚೀಟಿ ಅಂಟ್ಸಿದ್ಯಲ್ಲ, ಅದ್ಕೆ. ಕೇಳಿದ್ರೆ ನಾನು ಒಂದ್ ದಾರಿ ಹುಡುಕ್ತಿರ್ಲಿಲ್ವಾ?"

ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ. ಸೆರಗಿನಲ್ಲಿ ನನ್ನ ಮುಖ ಒರೆಸಿ ಕೇಳಿದಳು: "ಈಗ ಹೇಳು. ಫೋಟೋಗೂ ಮೊಟ್ಟೆಗೂ ಏನು ಸಂಬಂಧ?"

ಹೇಳಿದೆ. ಬರೀ ಪೇಪರಿಗೆ ಬೆಳ್ಳಿಯ ದ್ರಾವಣ ಹಚ್ಚಿದರೆ ಚಿತ್ರ ಪೇಪರಿನೊಳಗೆ ಇಂಗಿಹೋಗುತ್ತದೆ, ಮಬ್ಬಾಗಿ ಕಾಣುತ್ತದೆ. ಮೊದಲು ಮೊಟ್ಟೆ ಬಿಳಿ ಹಚ್ಚಿ ಒಣಗಿಸಿದರೆ ಪೇಪರಿನ ರಂಧ್ರ ಮುಚ್ಚುತ್ತದೆ. ಬೆಳ್ಳಿ ಮೇಲೆಯೇ ನಿಲ್ಲುತ್ತದೆ. ಆಗ ಸೀರೆಯ ಒಂದೊಂದು ಎಳೆಯೂ ಕಾಣುತ್ತದೆ, ಕಪ್ಪು ಕಪ್ಪಾಗಿಯೇ ಇರುತ್ತದೆ.

"ಅಂದ್ರೆ, ಸೀರೆಗೆ ಗಂಜಿ ಹಾಕ್ದಂಗೆ."

"ಹೂಂ ದೊಡ್ಡಮ್ಮ. ಅದೇ!"

ಪುಸ್ತಕದಲ್ಲಿ ನಾಲ್ಕು ಸಲ ಓದಿಯೂ ತಲೆಗೆ ಹೋಗದಿದ್ದದ್ದು ನನ್ನ ಬಾಯಿಂದಲೇ ಬಂತು. ಅವಳಿಗೆ ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು.

ತೀರ್ಪು: ಮನೆಯೊಳಗೆ ಮೊಟ್ಟೆ ಬರಕೂಡದು. ಟೆರೇಸ್ ಮನೆಯಲ್ಲ. ಹೊರಗಿನ ಮೆಟ್ಟಿಲಿಂದಲೇ ಹತ್ತಬೇಕು, ಇಳಿಯಬೇಕು.

ಆಗಸ್ಟ್ 16

ಯಾರ ಫೋಟೋ ಅನ್ನೋದಕ್ಕೆ ಚರ್ಚೆಯೇ ಆಗಲಿಲ್ಲ. "ಮುಖಕ್ಕೆ ಹಚ್ಕೊಂಡಿದ್ದಾಯ್ತು, ಇನ್ನೇನು? ನಂದೇ ತೆಗಿ" ಅಂದಳು. ಹಸಿರು ಮೈಸೂರು ಸಿಲ್ಕು ಉಟ್ಟು ಟೆರೇಸಿನಲ್ಲಿ ಕುರ್ಚಿ ಹಾಕಿಸಿಕೊಂಡಳು. ನೀರಿನ ಟ್ಯಾಂಕು ಕಾಣದಿರಲಿ ಅಂತ ಹಿಂದೆ ಜಮಖಾನ ಕಟ್ಟಿದೆವು.

ಆ ಕಾಲದವರ ಹಾಗೆಯೇ ಇರಲಿ ಅಂತ ಕ್ಯಾಮೆರಾಗೆ ಕಪ್ಪು ಫಿಲ್ಟರ್ ಹಾಕಿ ನಾಲ್ಕು ಸೆಕೆಂಡ್ ಎಕ್ಸ್‌ಪೋಷರ್ ಇಟ್ಟೆವು. ಅಷ್ಟು ಹೊತ್ತು ಅಲುಗಾಡಬಾರದು. ದೊಡ್ಡಮ್ಮ ಮುಷ್ಟಿ ಬಿಗಿದು, ಉಸಿರು ಕಟ್ಟಿ, ಸಾಲ ವಸೂಲಿಗೆ ಬ್ಯಾಂಕಿನವರು ಬಂದ ಹಾಗೆ ಮುಖ ಮಾಡಿಕೊಂಡು ಕೂತಳು. ಹತ್ತು ಶಾಟ್. ಹತ್ತೂ ಹಾಗೆಯೇ.

ಹನ್ನೊಂದನೆಯದಕ್ಕೆ ಶಟರ್ ತೆರೆದ ಮೇಲೆ ದೊಡ್ಡಪ್ಪ ಮೆಟ್ಟಿಲ ಹತ್ತಿರದಿಂದ ಮೆಲ್ಲಗೆ, "ಮದ್ವೆ ದಿನವೂ ಹಿಂಗೇ ಕೂತಿದ್ಲು ಕಣವ್ವ. ಹೆದ್ರೋಗಿದ್ದೆ."

ದೊಡ್ಡಮ್ಮ ತಡೆದಳು, ತಡೆದಳು… ತಡೆಯಲಾಗಲಿಲ್ಲ.

ನೋಡಿದರೆ, ಸೀರೆ ಅಂಚು ಚೂಪಾಗಿದೆ, ಬಳೆ ಚೂಪಾಗಿದೆ, ಮಡಿಲಲ್ಲಿರುವ ಕೈಬೆರಳು ಎಣಿಸಬಹುದು. ಮುಖ ಮಾತ್ರ ನಗುವಿನಲ್ಲಿ ಅಲುಗಿ ಬೆಳಕಿನ ಹಾಗೆ ಹರಡಿಕೊಂಡಿದೆ. ಗಗನ "ಹೋಯ್ತು, ಶೇಕ್ ಆಯ್ತು" ಅಂದಳು. ನಾನು ಅಳಿಸಬೇಡ ಅಂದೆ.

ಆಗಸ್ಟ್ 18

ಲಷ್ಕರ್ ಮೊಹಲ್ಲಾದ ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ನೆಗೆಟಿವ್ ಹಾಕಿಸಿದೆವು. ನಿನ್ನೆ ಮೊಟ್ಟೆ ಬಿಳಿ ಹಚ್ಚಿಟ್ಟ ಪೇಪರು ಒಣಗಿ ಗಾಜಿನ ಹಾಗೆ ಮಿನುಗುತ್ತಿದೆ. ಕಾಲೇಜಿನ ಡಾರ್ಕ್‌ರೂಮಿನಲ್ಲಿ ಬೆಳ್ಳಿ ಹಚ್ಚಿದೆವು. ಕೈಗವಸು ತೂತಾಗಿತ್ತು. ನನ್ನ ಮೂರು ಬೆರಳು ಕಪ್ಪು. ಉಜ್ಜಿದರೂ ಹೋಗದು.

ಎಲ್ಲ ರೆಡಿ. ಬಿಸಿಲು ಮಾತ್ರ ಇಲ್ಲ. ಬೆಳ್ಳಿ ಹಚ್ಚಿದ ಪೇಪರು ಬಹಳ ದಿನ ಇರೋದಿಲ್ಲ, ತಾನಾಗಿಯೇ ಕಪ್ಪಾಗುತ್ತದೆ. ಬೆಟ್ಟ ಕಾಣದ ಹಾಗೆ ಮೋಡ. ಜಿಟಿಜಿಟಿ.

ಆಗಸ್ಟ್ 19

ಮೋಡ. ನಿನ್ನೆಯ ಪೇಪರು ಕಂದಿತು. ಮತ್ತೆ ಒಂದಕ್ಕೆ ಬೆಳ್ಳಿ ಹಚ್ಚಿದೆವು. ಇದೇ ಕೊನೆಯದು. ಮೊಟ್ಟೆ ಮುಗಿಯಿತು.

ಆಗಸ್ಟ್ 20, ಬುಧವಾರ

ಬಂತು!!

ಹನ್ನೊಂದರ ಹೊತ್ತಿಗೆ ಮೋಡ ಹರಿಯಿತು. ಗಗನ ಸ್ಕೂಟರಿನಲ್ಲಿ ಹಾರಿಬಂದಳು. ಪೇಪರಿನ ಮೇಲೆ ನೆಗೆಟಿವ್, ಅದರ ಮೇಲೆ ಗಾಜು, ಬಿಸಿಲಿಗೆ ಇಟ್ಟೆವು. ಎಲ್ಲರೂ ಸುತ್ತ ಕುಕ್ಕುರುಗಾಲಲ್ಲಿ ಕೂತೆವು. ಮೊದಲು ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಗುಲಾಬಿ. ಗುಲಾಬಿ ನೇರಳೆಯಾಯಿತು, ನೇರಳೆ ಕಂದು ಬಣ್ಣವಾಯಿತು. ಮೂಲೆ ಎತ್ತಿ ನೋಡಿದರೆ ಜಮಖಾನದ ಪಟ್ಟೆ ಮೂಡಿದೆ.

"ಯಾರೂ ಏನೂ ಮಾಡ್ತಿಲ್ಲ, ತಾನಾಗೇ ಬರ್ತಾ ಅದಲ್ಲೇ!" ಅಂದಳು ದೊಡ್ಡಮ್ಮ.

ಒಂದು ತುಂಡು ಮೋಡ ಸೂರ್ಯನ ಕಡೆ ಬಂತು. ದೊಡ್ಡಮ್ಮ ನಿಂತು ಅದಕ್ಕೆ ಕೈಬೀಸಿ ಬಯ್ದಳು. ಪಕ್ಕದ ಟೆರೇಸಿನವರು ಬಟ್ಟೆ ಹರವೋದು ನಿಲ್ಲಿಸಿ ನೋಡಿದರು.

ಅಲ್ಲಿಂದ ಲ್ಯಾಬಿಗೆ. ತೊಳೆದು, ಚಿನ್ನದ ದ್ರಾವಣದಲ್ಲಿ ಅದ್ದಿ ಮತ್ತೆ ನೇರಳೆಗೆ ತಿರುಗಿಸಿ, ಚಿತ್ರ ನಿಲ್ಲಿಸೋ ಹೈಪೋ ಹಾಕಿ, ಮತ್ತೆ ತೊಳೆದು… ನೀರಿನಡಿಯಲ್ಲಿ ದೊಡ್ಡಮ್ಮ ನಗುತ್ತಿದ್ದಳು. ನಾನೂ ಗಗನಾಳೂ ಡಾರ್ಕ್‌ರೂಮಿನಲ್ಲಿ ಕುಣಿದೆವು. ಸ್ವಲ್ಪದರಲ್ಲಿ ಟ್ರೇ ಉರುಳುತ್ತಿತ್ತು.

ಆಗಸ್ಟ್ 22

ವೈವಾ. ಸುಷ್ಮಾ ಮೇಡಂ ಪ್ರಿಂಟನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದರು. "ಮುಖ ಶೇಕ್ ಆಗಿರೋದನ್ನ ಯಾಕೆ ಆರಿಸಿದ್ರಿ?"

ನಾನು: "ಉಳಿದ ಹತ್ತರಲ್ಲಿ ಅವರು ಕೂತಿದ್ದಾರೆ ಅಷ್ಟೇ ಮೇಡಂ. ಇದರಲ್ಲಿ ಆ ನಾಲ್ಕು ಸೆಕೆಂಡೂ ಇದೆ."

ಕತ್ತೆತ್ತಿ ನೋಡಿದರು. ಆಮೇಲೆ ಮೊಬೈಲ್ ತೆಗೆದು ಅದರ 'ಹಳೇ ಕಾಲದ' ಫಿಲ್ಟರ್ ತೋರಿಸಿದರು. "ಹಳೇ ಕಾಲ ಅಂದ ತಕ್ಷಣ ನಮಗೆ ಯಾಕೆ ಈ ಹಳದಿ?"

ಇದು ನೋಟ್ಸಿನಲ್ಲಿ ಇರಲಿಲ್ಲ. ಟ್ರೇಯಲ್ಲಿ ನೋಡಿದ ನೇರಳೆಯ ನೆನಪು ಮಾತ್ರ. "ಅವರು ಮಾಡಿದಾಗ ಹಳದಿ ಇರಲಿಲ್ಲ ಮೇಡಂ. ನಮ್ಮದೂ ಈಗ ಹಳದಿ ಇಲ್ಲ. ಆಮೇಲೆ ಮೊಟ್ಟೆ ಹಳದಿಯಾಗುತ್ತೆ, ಬೆಳ್ಳಿ ಮಾಸುತ್ತೆ. ಹಳದಿಯಾಗಿದ್ದು ಪೇಪರು, ಆ ಕಾಲ ಅಲ್ಲ."

ಮೇಡಂ ಗಟ್ಟಿಯಾಗಿ ನಕ್ಕರು. ಇಪ್ಪತ್ತೈದಕ್ಕೆ ಇಪ್ಪತ್ತಮೂರು. ಮುಂದಿನ ತಿಂಗಳ ಪ್ರದರ್ಶನಕ್ಕೂ ಇಡುತ್ತಾರಂತೆ. ಅಪ್ಪನಿಗೆ ಫೋನ್ ಮಾಡಿದೆ. "ಮೊಟ್ಟೇಲಾ?" ಅಂತ ಮೂರು ಸಲ ಕೇಳಿದರು. ಬಿ.ಕಾಂ. ಮಾತು ಬರಲಿಲ್ಲ.

ದೊಡ್ಡಮ್ಮ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದೂ ಹಳದಿ ಆಯ್ತದಾ?"

"ಆಗುತ್ತೆ. ತುಂಬ ವರ್ಷ ಆದ್ಮೇಲೆ."

"ಅಷ್ಟೊತ್ಗೆ ನೀನೇ ಮುದ್ಕಿ ಆಗಿರ್ತೀಯ. ನೀನೇ ನೋಡ್ಕೋ. ನಾನು ಹೊಸ್ದಾಗಿರೋವಾಗ್ಲೇ ನೋಡ್ಬುಟ್ಟೆ."

ಆಗಸ್ಟ್ 24, ಭಾನುವಾರ. ಬೆಳಗ್ಗೆ

ನಿನ್ನೆ ಅಮಾವಾಸ್ಯೆ. ಶ್ರಾವಣ ಮುಗಿಯಿತು. ಮುಂದಿನ ಪ್ರಿಂಟು ದೊಡ್ಡಪ್ಪನದು. ಮಾರ್ಕ್ಸಿಗಲ್ಲ. ಬೆಳಗ್ಗೆಯೇ ಎರಡು ಟ್ರೇ ಮೊಟ್ಟೆ ತಂದಿದ್ದಾರೆ, "ಕೆಟ್ರೆ ಕೆಡ್ಲಿ ಬುಡು" ಅಂತ ಧಾರಾಳವಾಗಿ. ಗಡ್ಡ ಹೆರೆದು, ಮೀಸೆಗೆ ಬಣ್ಣ ಹಚ್ಚಿ, ಬನಿಯನ್ನಿನಲ್ಲಿ ಕನ್ನಡಿ ಮುಂದೆ ನಿಂತಿದ್ದಾರೆ. ಮೇಲೆ ದೊಡ್ಡಮ್ಮ ಗಗನಾಳ ಜೊತೆ ನೊರೆ ಕಡೆಯುತ್ತಿದ್ದಾಳೆ. ಹಳದಿ ಬಿತ್ತು, ಬೀಳಲಿಲ್ಲ ಅಂತ ಇಬ್ಬರಿಗೂ ಜಗಳ.

ಇವತ್ತು ಆ ಫ್ರೆಂಚರ ಬಗ್ಗೆ ಬರೆಯಬೇಕು ಅಂತ ಕೂತೆ. ಅವರ ಮನೆಯಲ್ಲೂ ಹಳದಿಯನ್ನೆಲ್ಲ ಯಾರೋ ತಿಂದಿರಬೇಕಲ್ಲ? ಅವರ ದೊಡ್ಡಮ್ಮಂದಿರು ಏನಂದಿರಬಹುದು? ಅದನ್ನು ಯಾವ ಪುಸ್ತಕವೂ… ಇರು, ಮೇಲಿನಿಂದ ಕೂಗುತ್ತಿದ್ದಾಳೆ. "ಸಿಂಚನಾ, ಬಾರೇ ಬೇಗ, ನಿಮ್ ದೊಡ್ಡಪ್ಪ ಬಾಣಲೆ ಎತ್ಕೊಂಡು ಟೆರೇಸಿಗೇ ಬಂದ್ಬುಟ್ಟವ್ರೆ!"