ಥಂಡಿ ಹೋದ ಸುದ್ದಿ

ಅಪ್ಪಾ,

ನಿನಗೆ ಬರೆಯುವಾಗ ಕ್ಷೇಮ ಕೇಳುವ ಹಾಗಿಲ್ಲ. ಆದರೂ ಕೇಳುತ್ತೇನೆ, ಅಲ್ಲಿ ನಿನಗೆ ಉಬ್ಬಸ ಇಲ್ಲ ತಾನೇ?

ನಮ್ಮ ಕಮಲಾಪುರದ ಮನೆಯ ಆ ಸಂಜೆಗಳು ನೆನಪಾಗುತ್ತವೆ. ಶಿವರಾತ್ರಿ ಆದ ಮೇಲೆ ದಿನಾ ಹೊತ್ತು ಮುಳುಗುವಾಗ ನೀನು ಬಯಲು ಮಾಳಿಗೆ ಹತ್ತಿ, ನೆಲಕ್ಕೆ ಅಂಗೈ ಊರಿ, ಮೂಗೆತ್ತಿ ಗಾಳಿ ಮೂಸುತ್ತಿದ್ದೆ. ಇವತ್ತಲ್ಲ ಎಂದು ಇಳಿದು ಬರುತ್ತಿದ್ದೆ. ಕಡೆಗೊಂದು ಸಂಜೆ ಮೇಲಿಂದಲೇ ಕೂಗು: "ಥಂಡಿ ಹೋತು! ಹಾಸಿಗಿ ಮ್ಯಾಲ ತರ್ರಿ!" ಆಮೇಲೆ ಮಳೆಗಾಲದವರೆಗೂ ನಮ್ಮ ನಿದ್ದೆಯೆಲ್ಲ ಮಾಳಿಗೆಯ ಮೇಲೇ. ಅಕ್ಕಪಕ್ಕದವರೂ ನಿನ್ನ ಕೂಗು ಕೇಳಿಯೇ ಹಾಸಿಗೆ ಹೊರುತ್ತಿದ್ದರು. ಏನು ಗತ್ತು ನಿನ್ನದು! ಒಂದು ವರ್ಷ ಅವ್ವ ತವರಿಗೆ ಹೋಗಿದ್ದಾಗ ಅವಸರಪಟ್ಟು ಕೂಗಿ, ಓಣಿಗೆಲ್ಲ ನೆಗಡಿ ಹಚ್ಚಿದ್ದೆ. ನಾನು ನಕ್ಕರೆ, "ಗಾಳಿ ಮೋಸ ಮಾಡ್ತು" ಅಂದೆ.

ಈ ಸಲ ನೀನು ಚಳಿಯಲ್ಲೇ ಹೊರಟುಹೋದೆ. ಕಲಬುರಗಿಯ ಶಾಲೆಗೆ ಪಾಠ ಹೇಳಲು ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಎಳೆ ತೆನೆ ಸುಟ್ಟು ಸೀತನಿ ತಿಂದ ಜೋಳದ ಹೊಲಗಳು ಬರಿದಾದವು. ಬೇವು ಎಲೆಯೆಲ್ಲ ಉದುರಿಸಿ ಕೆಂಚು ಚಿಗುರು ಬಿಟ್ಟಿತು, ಮುತ್ತುಗ ಕೆಂಪಾಯಿತು. ನೀನಿದ್ದಿದ್ದರೆ ಇಷ್ಟೊತ್ತಿಗೆ...

ಅವ್ವ ಮಾತ್ರ ಕದ ಮುಚ್ಚಿಕೊಂಡು ಒಳಗೇ ಮಲಗುತ್ತಿದ್ದಳು. ಕೌದಿ ಹೊದ್ದು ಬೆವರುತ್ತಿದ್ದಳು. ಮೇಲೆ ಹೋಗೋಣ ಅಂದರೆ, "ಇನ್ನಾ ಥಂಡಿ ಅದ" ಅಂತ ಒಂದೇ ಮಾತು. ಊಟ ಬಿಟ್ಟು ಸೊರಗಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ನಿನ್ನ ಹಿಂದೆಯೇ ಹೊರಟುಬಿಡುತ್ತಾಳೇನೋ ಎಂದು ಹೆದರಿದ್ದೆ, ಅಪ್ಪಾ.

ನಿನ್ನೆ ಸಂಜೆ ಶಾಲೆಯಿಂದ ಬಂದವಳೇ ಮಾಳಿಗೆ ಹತ್ತಿ ನಿನ್ನಂತೆ ಅಂಗೈ ಊರಿದೆ. ಏನೂ ತಿಳಿಯಲಿಲ್ಲ. ಇಳಿದು ಬಂದು ಅವ್ವನನ್ನೇ ಕೇಳಿದೆ, "ಅಪ್ಪಗ ಹೆಂಗ ತಿಳೀತಿತ್ತು?"

ಎಷ್ಟೋ ದಿನದ ಮೇಲೆ ಅವ್ವ ನಕ್ಕಳು. "ಅವರಿಗೇನ್ ತಿಳೀತಿತ್ತು! ಹಿತ್ತಲದಾಗ ಬೇವಿನ ಹೂವಿನ ವಾಸನಿ ಬಂತಂದ್ರ ನಾನೇ ಹೇಳ್ತಿದ್ದೆ, ಇವತ್ತ ಕೂಗ್ರಿ ಅಂತ."

ಕಳ್ಳ ಅಪ್ಪಾ! ಇಷ್ಟು ವರ್ಷ ನಮಗೆಲ್ಲ ಟೋಪಿ ಹಾಕಿದ್ದೆಯಾ?

"ಮತ್ತ ಈ ವರ್ಷ ಯಾಕ ಹೇಳ್ಲಿಲ್ಲ?" ಅಂದೆ.

ಅವಳ ನಗು ನಿಂತಿತು. "ಯಾರಿಗಿ ಹೇಳ್ಲಿ?"

ಅವಳ ಪಕ್ಕ ಕೂತು, "ನನಗ ಹೇಳವ್ವ" ಅಂದೆ.

ಸೆರಗಿನಿಂದ ಕಣ್ಣೊರೆಸಿಕೊಂಡಳು. "ಥಂಡಿ ಹೋಗಿ ಭಾಳ ದಿನ ಆತವ್ವ. ಹೋಗು, ಕೂಗು."

ಕೂಗಿದೆ ಅಪ್ಪಾ. ನಿನ್ನಷ್ಟು ಜೋರಾಗಿ ಬರಲಿಲ್ಲ. ಪಕ್ಕದವರು ಎಂದೋ ಮೇಲೆ ಮಲಗತೊಡಗಿದ್ದರು, ಇದೇನು ಈಗ ಅಂತ ನೋಡಿದರು. ಅಷ್ಟರಲ್ಲಿ ಅವ್ವ ತನ್ನ ಹಾಸಿಗೆಯನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಮುಂದಿನ ವರ್ಷವೂ ಅವಳು ಹೇಳಲಿ, ನಾನು ಕೂಗುತ್ತೇನೆ.

ನಿನ್ನ ಮಗಳು