ವೈರು ಸಡಿಲವಾಗಿದೆ

ಒಳಮನೆಯ ಬಾಡಿಗೆದಾರರೇ,

ಹೀಗೆ ಕರೆಯುವುದು ನಿಮ್ಮಪ್ಪ. ನಾನು ಕರೆಯುವುದು ಪುಟ್ಟ ಅಂತ. ನಿನಗೆ ಓದಲು ಬರುವ ಹೊತ್ತಿಗೆ ಎರಡರಲ್ಲಿ ಯಾವುದು ಉಳಿದಿರುತ್ತದೋ ನೋಡೋಣ. ನಾನು ಕಾಗದ ಬರೆಯುವವಳಲ್ಲ. ದಿನವಿಡೀ ಬಸುರಿಯರನ್ನು ನೋಡುವ ಸ್ಕ್ಯಾನಿಂಗ್ ಕೋಣೆಯಲ್ಲಿ ಕೂತು, ಡಾಕ್ಟರಮ್ಮ ಹೇಳುವ ಅಳತೆಗಳನ್ನು ಕಂಪ್ಯೂಟರಿಗೆ ಹೊಡೆಯುವವಳು. ತಲೆ ಇಷ್ಟು, ಹೊಟ್ಟೆ ಇಷ್ಟು, ತೊಡೆಮೂಳೆ ಇಷ್ಟು. ಆದರೆ ಮೊನ್ನೆ ಮಂಗಳವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ನಿಮ್ಮಪ್ಪನಿಗೆ ಅರ್ಧ ಹೇಳಿದ್ದೇನೆ. ಪೂರ್ತಿ ಕೇಳಿಸಿಕೊಳ್ಳುವುದಕ್ಕೆ ನೀನೇ ಸರಿ. ಹೊಟ್ಟೆಯೊಳಗಿಂದ ಮಧ್ಯದಲ್ಲಿ ಎದ್ದು ಹೋಗುವ ಹಾಗಿಲ್ಲ ನೋಡು.

ಮೊದಲು ಆ ಕೋಣೆ ಹೇಗಿದೆ ಅಂತ ಹೇಳುತ್ತೇನೆ. ಡಾಕ್ಟರಮ್ಮನ ಮುಂದೆ ಒಂದು ಪರದೆ, ಅದು ಅವರ ಕಡೆಗೇ ತಿರುಗಿರುತ್ತದೆ. ಮಲಗಿದ ತಾಯಿ ತನ್ನ ಮಗುವನ್ನು ನೋಡಲಿ ಅಂತ ಎದುರು ಗೋಡೆಯ ಮೇಲೆ ಇನ್ನೊಂದು ದೊಡ್ಡ ಮಾನಿಟರ್. ನನ್ನ ಕಂಪ್ಯೂಟರಿನಿಂದ ಒಂದು ಉದ್ದದ ವೈರು ಗೋಡೆಗುಂಟ ಹೋಗಿ ಅದರ ಬೆನ್ನಿಗೆ ಸೇರುತ್ತದೆ. ತಾಯಂದಿರು ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಾರೆ. ಕೆಲವರು ಅದಕ್ಕೆ ಟಾಟಾ ಮಾಡಿದ್ದೂ ಉಂಟು.

ಇನ್ನು ನನ್ನ ಗುಟ್ಟು. ಕೆಲವು ಸಲ ಡಾಕ್ಟರಮ್ಮನ ಪರದೆಯಲ್ಲಿ ಕಾಣಬಾರದ್ದು ಕಾಣುತ್ತದೆ. ಬಡಿಯಬೇಕಾದದ್ದು ಬಡಿಯುತ್ತಿರುವುದಿಲ್ಲ. ಆಗ ಅವರು ಮಾತಾಡುವುದಿಲ್ಲ, ಕೈಗೆಲ್ಲ ಹೊಟ್ಟೆಗೆ ಹಚ್ಚುವ ಜೆಲ್ ಮೆತ್ತಿರುವುದರಿಂದ ಮಣಿಕಟ್ಟಿನಲ್ಲಿ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಾರೆ. ನಾನು ಎರಡು ಕೀ ಒಟ್ಟಿಗೆ ಒತ್ತುತ್ತೇನೆ. ಗೋಡೆಯ ಮಾನಿಟರ್ ಕಪ್ಪಾಗುತ್ತದೆ. 'ವೈರು ಸ್ವಲ್ಪ ಸಡಿಲ ಆಗಿದೆ, ಮಲಗಿರಿ, ಈಗ ಬಂತು' ಅನ್ನುತ್ತೇನೆ. ಸುಳ್ಳು ನಿಜದ ಹಾಗೆ ಕಾಣಬೇಕಲ್ಲ, ಅದಕ್ಕೆ ಎದ್ದು ಹೋಗಿ ಮಾನಿಟರಿನ ಹಿಂದೆ ಕೈ ಹಾಕಿ ಚೆನ್ನಾಗಿರುವ ವೈರನ್ನೇ ಅಲುಗಾಡಿಸುತ್ತೇನೆ. ಅಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಂಡು, ಕುರ್ಚಿ ಎಳೆದುಕೊಂಡು, ಆ ತಾಯಿಯ ಹತ್ತಿರ ಕೂರುತ್ತಾರೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಒಂದು ಸಲ ಮಾಡಿದೆವು, ಆಮೇಲೆ ಅದೇ ರೂಢಿಯಾಯಿತು. ಎರಡು ನಿಮಿಷವಾದರೂ ಅವರ ಸುಖ ಉಳಿಯಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೋದ ವರ್ಷ ಒಬ್ಬಳು ಬಂದಿದ್ದಳು. ಎರಡು ಬೀದಿ ಆಚೆ ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. ಪರದೆ ಕಪ್ಪಾದಾಗ ಅವಳು ನನ್ನನ್ನೇ ನೋಡಿದಳು. 'ಎಂಥ ವೈರು ಮೇಡಂ ಅದು? ಎಷ್ಟು ಉದ್ದ ಬೇಕು?' ಅಂತ ಕೇಳಿದಳು. ಹೊಲಿಯುವವಳಲ್ಲವೇ, ಉದ್ದ ಕೇಳದೆ ಇರಲಾರಳು. ನಾನು ವೈರು ಅಲುಗಾಡಿಸುತ್ತಾ ಎಲ್ಲಕ್ಕೂ ಉತ್ತರ ಕೊಟ್ಟೆ. ಮಾತು ನಿಂತರೆ ಅವಳು ಡಾಕ್ಟರಮ್ಮನ ಮುಖ ನೋಡಿಬಿಡುತ್ತಾಳೆ ಅನ್ನುವ ಭಯ ನನಗೆ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವಳು ಮತ್ತೆ ಬಂದಳು. ತಪಾಸಣೆಗಲ್ಲ. ಕೈಯಲ್ಲಿ ಒಂದು ಹೊಸ ವೈರು, ಅಂಗಡಿಯ ಕವರಿನಲ್ಲೇ ಇತ್ತು. 'ಅವತ್ತು ಕೊನೇ ಸಲ ನೋಡೋ ಹೊತ್ತಿಗೇ ವೈರು ಕೈ ಕೊಟ್ಬಿಡ್ತು ಮೇಡಂ. ನಂಗಂತೂ ನೋಡೋಕಾಗ್ಲಿಲ್ಲ. ಬೇರೆಯವರಿಗೆ ಹಂಗಾಗೋದು ಬೇಡ' ಅಂದಳು. ಕೊಟ್ಟು ಹೋದಳು. ನಿಂತು ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಆ ಕವರನ್ನು ಬಿಚ್ಚದೆ ಮೇಜಿನ ಕೆಳಗಿನ ಡ್ರಾಯರಿನಲ್ಲಿಟ್ಟು, ಮೇಲೆ ಹಳೆಯ ಕಾಗದ ಹೊದಿಸಿದೆ. ಆಮೇಲೆ ಆ ಡ್ರಾಯರನ್ನು ನಾನು ಎಳೆದದ್ದಿಲ್ಲ.

ಈಗ ಮಂಗಳವಾರಕ್ಕೆ ಬರುತ್ತೇನೆ. ಐದೂವರೆ ತಿಂಗಳು ತುಂಬಿತ್ತು ನಿನಗೆ. ನನ್ನ ಜೊತೆಯ ಬಸುರಿಯರೆಲ್ಲ 'ಒದೆಯುತ್ತೆ ಕಣೆ, ಚೆಂಡಿನ ಹಾಗೆ ಒದೆಯುತ್ತೆ' ಅನ್ನುತ್ತಿದ್ದರು. ನೀನು ಮಾತ್ರ ಒಂದೆರಡು ಸಲ ನುಲಿದ ಹಾಗೆ ಮಾಡಿ ಸುಮ್ಮನಾಗಿಬಿಟ್ಟಿದ್ದೆ. ಭಾನುವಾರದಿಂದ ಅದೂ ಇಲ್ಲ. ನಿಮ್ಮಪ್ಪ ದಿನಾ ಬೆಳಗ್ಗೆ ಬಸ್ ಓಡಿಸಲು ಹೊರಡುವ ಮುಂಚೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, 'ಬಾಡಿಗೆದಾರರು ಎದ್ದಿದ್ದಾರಾ?' ಅಂತ ಕೇಳುತ್ತಾನೆ. ಸೋಮವಾರ 'ಎದ್ದಿದ್ದಾರೆ' ಅಂತ ಸುಳ್ಳು ಹೇಳಿದೆ. ಮಂಗಳವಾರ ಹೇಳಲಾಗಲಿಲ್ಲ. ಅವನು ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ನನ್ನ ಜೊತೆ ಬಂದ.

ನಾನು ಬೆಡ್ಡಿನ ಮೇಲೆ ಮಲಗಿದೆ. ನನ್ನ ಕುರ್ಚಿಯಲ್ಲಿ ದೊಡ್ಡ ನರ್ಸಕ್ಕ ಕೂತಿದ್ದರು, ಒಂದೇ ಬೆರಳಲ್ಲಿ ಟೈಪ್ ಮಾಡುವವರು. ತಣ್ಣನೆಯ ಜೆಲ್ ಬಿತ್ತು. ಗೋಡೆಯ ಮಾನಿಟರಿನಲ್ಲಿ ನೀನು ಬೂದು ಬಣ್ಣದ ಮೋಡದ ಹಾಗೆ ಬಂದೆ. ಬೆನ್ನು ಕಂಡಿತು. ಡಾಕ್ಟರಮ್ಮ ಹೊಟ್ಟೆಯ ಮೇಲಿಟ್ಟ ಪ್ರೋಬನ್ನು ಇತ್ತ ಸರಿಸಿದರು, ಅತ್ತ ಸರಿಸಿದರು. ಮಾತಿಲ್ಲ. ಆಮೇಲೆ ಮಣಿಕಟ್ಟಿನಲ್ಲಿ ಕನ್ನಡಕವನ್ನು ಮೇಲಕ್ಕೆ ತಳ್ಳಿದರು.

ಪರದೆ ಕಪ್ಪಾಯಿತು.

ಪುಟ್ಟ, ಕೈಕಾಲು ತಣ್ಣಗಾಗುವುದು ಅಂದರೇನೆಂದು ನನಗೆ ಆಗ ಗೊತ್ತಾಯಿತು. 'ಅಯ್ಯೋ, ವೈರು ಸಡಿಲ ಆಗಿದೆ ಅನ್ಸುತ್ತೆ, ಮಲಕ್ಕೋ' ಅಂದರು ಡಾಕ್ಟರಮ್ಮ. ಅದೇ ಮಾತು. ನಾನು ಎಷ್ಟೋ ಜನಕ್ಕೆ ಹೇಳಿದ ಅದೇ ಮಾತು. 'ಮಗೂಗೆ ಏನೂ ಆಗಿಲ್ಲ ಕಣೆ, ನಿಜವಾಗ್ಲೂ ವೈರೇ' ಅಂತಲೂ ಅಂದರು. ಆ ನಿಜವನ್ನು ನಾನು ಹೇಗೆ ನಂಬಲಿ? ನರ್ಸಕ್ಕ ಎರಡೂ ಕೈ ಮೇಲೆತ್ತಿ, 'ನಾನೇನೂ ಮುಟ್ಟಿಲ್ಲಮ್ಮ!' ಅಂದರು. ಕಂಪ್ಯೂಟರ್ ಕೆಟ್ಟಾಗ ಲೋಕದಲ್ಲಿ ಎಲ್ಲರೂ ಹೇಳುವ ಮೊದಲ ಮಾತು ಅದೇ. ಅದನ್ನೂ ನಂಬಲಿಲ್ಲ.

ಕತ್ತು ಸ್ವಲ್ಪ ಚಾಚಿದ್ದರೆ ಡಾಕ್ಟರಮ್ಮನ ಪರದೆ ಕಾಣುತ್ತಿತ್ತು. ಅದನ್ನು ನನ್ನ ಕಡೆ ತಿರುಗಿಸಲೂ ಅವರು ಹೊರಟಿದ್ದರು. 'ಬೇಡ, ಬೇಡ' ಅಂದೆ. ಅಲ್ಲಿ ಬಡಿಯದ ಎದೆ ಕಂಡರೆ? ನಾನು ಎದ್ದು ಕೂತೆ. ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಇಳಿದೆ. 'ನಾನೇ ಸರಿ ಮಾಡ್ತೀನಿ' ಅಂದೆ. ಡಾಕ್ಟರಮ್ಮ ಪ್ರೋಬನ್ನು ಅದರ ಕೊಂಡಿಗೆ ಸಿಕ್ಕಿಸಿದರು. ಬಾಗಿಲ ಹತ್ತಿರ ನಿಂತಿದ್ದ ನಿಮ್ಮಪ್ಪ, 'ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡೋಣ್ವಾ?' ಅಂದ. ಬಸ್ಸಿಗೂ ಫ್ರಿಜ್ಜಿಗೂ ಜಗಳಕ್ಕೂ ಅವನದು ಒಂದೇ ಮದ್ದು.

ಆಫ್ ಮಾಡಿ ಆನ್ ಮಾಡಿದೆ. ಮಾನಿಟರಿನ ದೀಪ ಉರಿಯಿತು, ಕರೆಂಟು ಸರಿಯಿದೆ. ಅದರ ಬೆನ್ನಿನಲ್ಲಿ ವೈರು ಚುಚ್ಚುವ ಕಿಂಡಿ ಎರಡಿವೆ. ಯಾವ ಕಿಂಡಿಯ ಚಿತ್ರ ತೋರಿಸಬೇಕು ಅನ್ನುವ ಆಯ್ಕೆಯೂ ಸರಿಯಾಗಿಯೇ ಇತ್ತು. ಕಂಪ್ಯೂಟರಿನಲ್ಲಿ ನೋಡಿದೆ. ಎರಡೂ ಪರದೆಗೆ ಚಿತ್ರ ಕಳಿಸು ಅಂತಲೇ ಇತ್ತು, ಆ ಎರಡು ಕೀಗಳನ್ನು ಯಾರೂ ಒತ್ತಿರಲಿಲ್ಲ. ಆದರೆ ಗೋಡೆಯ ಮೇಲೊಂದು ಮಾನಿಟರ್ ಇದೆ ಅನ್ನುವುದೇ ಆ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಮಾನಿಟರಿನ ಹಿಂದೆ ಕೈ ಹಾಕಿ ವೈರನ್ನು ಹಿಡಿದೆ. ಪರದೆಯ ಮೇಲೆ ಹಸಿರು ಗೆರೆಗಳು ಚಕ್ಕನೆ ಓಡಿ ಆರಿದವು. ಬಿಟ್ಟೆ, ಕಪ್ಪು. ಹಿಡಿದೆ, ಗೆರೆಗಳು. ವೈರಿನ ತಲೆ ನನ್ನ ಬೆರಳುಗಳ ನಡುವೆ ಅಲ್ಲಾಡುವ ಹಲ್ಲಿನ ಹಾಗೆ ಆಡುತ್ತಿತ್ತು. ಸುಳ್ಳುಸುಳ್ಳೇ ಅಲುಗಾಡಿಸಿ ಅಲುಗಾಡಿಸಿ ನಾನೇ ಅದನ್ನು ನಿಜವಾಗಿ ಸಡಿಲ ಮಾಡಿಟ್ಟಿದ್ದೆ.

ಹಾಗಾದರೆ ಅವರು ಹೇಳಿದ್ದು ನಿಜ. ಆದರೂ ಭಯ ಇಳಿಯಲಿಲ್ಲ. ವೈರು ಕೆಟ್ಟಿದೆ ಅಂದಮಾತ್ರಕ್ಕೆ ನೀನು ಚೆನ್ನಾಗಿದ್ದೀಯ ಅಂತ ಎಲ್ಲಿದೆ? ಎರಡೂ ಒಂದೇ ದಿನ ಕೈ ಕೊಡಬಹುದಲ್ಲ. ಡಾಕ್ಟರಮ್ಮ 'ಬಾ, ಮಲಕ್ಕೋ, ಆಮೇಲೆ ರಿಪೇರಿ ಮಾಡಿದ್ರಾಯ್ತು' ಅಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಕೆಲಸ ಮುಂದುವರಿಸಿದೆ. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ. ತಾಯಂದಿರಿಗೆ ಎರಡು ನಿಮಿಷದ ಸುಖ ಕೊಡುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಅದು ಸುಖವಲ್ಲ ಪುಟ್ಟ. ಅದು ಹೇಗಿರುತ್ತದೆ ಅಂತ ಈಗ ನನಗೆ ಗೊತ್ತು.

ಡ್ರಾಯರ್ ಎಳೆದೆ. ಹಳೆಯ ಕಾಗದ ಸರಿಸಿ ಕವರನ್ನು ಹಲ್ಲಿನಲ್ಲಿ ಹರಿದೆ, ಬೆರಳಿಗೆಲ್ಲ ಜೆಲ್ ಹತ್ತಿ ಜಾರುತ್ತಿತ್ತು. ಹೊಸ ವೈರು ಸರಿಯಾಗಿ ಗೋಡೆಯವರೆಗೆ ಬಂತು, ಒಂದು ಗೇಣು ಉಳಿಯಿತು. ಹೊಲಿಯುವವಳ ಲೆಕ್ಕ. ಮಾನಿಟರಿಗೆ ಬೆಳಕು ಬಂತು, ಆದರೆ ಪ್ರೋಬು ಎತ್ತಿದ್ದರಿಂದ ಖಾಲಿಯಾಗಿದ್ದ ಚಿತ್ರ ಪರದೆಗಿಂತ ದೊಡ್ಡದಾಗಿ ಹಿಗ್ಗಿ ನಾಲ್ಕೂ ಅಂಚು ಆಚೆ ಹೋಗಿತ್ತು. ಕಂಪ್ಯೂಟರಿನಲ್ಲಿ ಚಿತ್ರದ ಅಳತೆಗಳನ್ನು ಒಂದೊಂದಾಗಿ ಆರಿಸುತ್ತಾ ಹೋದೆ. ನಾಲ್ಕನೆಯದಕ್ಕೆ ಚಿತ್ರ ಚೌಕಟ್ಟಿನೊಳಗೆ ಕೂತಿತು. ಇನ್ನು ಸರಿಪಡಿಸಲು ಏನೂ ಉಳಿದಿರಲಿಲ್ಲ. ಹೋಗಿ ಮಲಗಿದೆ, ಡಾಕ್ಟರಮ್ಮ ಮತ್ತೆ ಪ್ರೋಬಿಟ್ಟರು.

ಕಣ್ಣು ಮುಚ್ಚಿಕೊಂಡೇ ಇದ್ದೆ. ಮೊದಲು ನಿಮ್ಮಪ್ಪನ ದನಿ ಕೇಳಿತು. 'ಏ, ಬಾಡಿಗೆದಾರರು ಎದ್ದವ್ರೆ ಕಣೆ!'

ಕಣ್ಣು ಬಿಟ್ಟೆ. ಮಾನಿಟರಿನ ನಡುವಿನಲ್ಲಿ ಒಂದು ಚುಕ್ಕೆ ಪಟಪಟ ಬಡಿಯುತ್ತಿತ್ತು. ನೀನು ನಮಗೆಲ್ಲ ಬೆನ್ನು ಹಾಕಿ, ಒಳಗಿನ ಗೋಡೆಯನ್ನು ಒಂದೇ ಸಮನೆ ಒದೆಯುತ್ತಿದ್ದೆ. 'ಮಾಸು ಮುಂದ್ಗಡೆ ಇದೆ, ದಿಂಬು ಇಟ್ಟ ಹಾಗೆ. ಅದಕ್ಕೇ ಒದೆತ ನಿಂಗೆ ಗೊತ್ತಾಗ್ತಿಲ್ಲ' ಅಂದರು ಡಾಕ್ಟರಮ್ಮ. 'ಮತ್ತೆ ಕನ್ನಡಕ?' ಅಂದೆ. 'ಜಾರಿತು ಕಣೆ' ಅಂದರು. ಅಂದವರು ನನ್ನ ಮುಖ ನೋಡಿದರು. ಯಾಕೆ ಕೇಳಿದೆ ಅಂತ ಅವರಿಗೂ ಅರ್ಥವಾಯಿತು. ನಾನು ಗೊಳೋ ಅಂತ ಅತ್ತೆ. ನಿಮ್ಮಪ್ಪ ಸಂತೋಷಕ್ಕೆ ಅಂದುಕೊಂಡ. ಅರ್ಧ ಹೇಳಿದ್ದೇನೆ ಅಂದೆನಲ್ಲ, ಅವನಿಗೆ ಗೊತ್ತಿರುವ ಅರ್ಧ ಅದು.

ಆ ಎರಡು ಕೀಗಳನ್ನು ನಾನು ಇನ್ನು ಒತ್ತುವುದಿಲ್ಲ. ಡಾಕ್ಟರಮ್ಮನಿಗೂ ಹೇಳಿದ್ದೇನೆ. 'ಹಾಗಾದ್ರೆ ಆ ಹೊತ್ತಲ್ಲಿ ಏನು ಮಾಡೋದು?' ಅಂದರು. 'ಕೈ ಹಿಡ್ಕೊಳ್ಳೋಣ' ಅಂದೆ. ಅದನ್ನು ಹೇಗೆ ಮಾಡುತ್ತೇನೋ ನನಗೂ ಗೊತ್ತಿಲ್ಲ, ನೆನೆಸಿಕೊಂಡರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ನೀನಿರುವುದೂ ಅಲ್ಲೇ, ಕ್ಷಮಿಸು.

ಈಗ ಬೆಳಗಿನ ಹತ್ತು ಗಂಟೆ. ಈ ಕಾಗದ ಮಡಚಿಟ್ಟು ಹೊಲಿಯುವವಳ ಅಂಗಡಿಗೆ ಹೋಗುತ್ತೇನೆ. ಅವತ್ತು ವೈರು ಸರಿಯಾಗಿತ್ತು, ಅವಳು ತನ್ನ ಮಗುವನ್ನು ಕೊನೆಯ ಸಲ ನೋಡದ ಹಾಗೆ ಮಾಡಿದವಳು ನಾನು ಅಂತ ಹೇಳಬೇಕು. ಈ ಹೊಟ್ಟೆ ಹೊತ್ತುಕೊಂಡೇ ಅವಳೆದುರು ನಿಲ್ಲಬೇಕು. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಅವಳು ಸುಮ್ಮನಾಗಿಬಿಟ್ಟರೆ ಏನು ಮಾಡುವುದು ಅನ್ನುವುದೇ ನನ್ನ ಹೆದರಿಕೆ. ಅವಳು ತಂದ ವೈರಿನಲ್ಲಿ ನಿನ್ನನ್ನು ನೋಡಿದೆ ಅಂತಲೂ ಹೇಳಬೇಕು. ಅದನ್ನು ಮೊದಲು ಹೇಳಲೋ ಕೊನೆಗೆ ಹೇಳಲೋ ಇನ್ನೂ ತೀರ್ಮಾನವಾಗಿಲ್ಲ. ಒಬ್ಬಳೇ ಹೋಗುತ್ತಿಲ್ಲ ಅನ್ನುವುದಷ್ಟೇ ಧೈರ್ಯ.

ಕಾಣದಿದ್ದರೂ ಒದೆಯುತ್ತಲೇ ಇರು ಮಗು. ತುಂಬಿ ಬಾ, ಅಳುತ್ತಾ ಬಾ, ಸುಖವಾಗಿ ಬಾ.

ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುವ,
ನಿನ್ನ ಅಮ್ಮ