ಊದದ ಸೀಟಿ

ಏಪ್ರಿಲ್ ೬, ರವಿವಾರ

ನಾನು ಮಹಾನಂದಾ ಮಡಿವಾಳೆಪ್ಪ ಪಾಟೀಲ. ಈ ಊರಿನ ಗೌಡರ ಮನೆಗೆ ಹಿರಿಯಳು. ಎಸ್ಸೆಸ್ಸೆಲ್ಸಿ ಮೊದಲ ಸಲಕ್ಕೇ ಪಾಸು. ಮನೆಯ ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿದೆ. ನನ್ನನ್ನು ಕೇಳದೆ ಈ ಮನೆಯಿಂದ ಜೋಳ ಕೂಡ ಗಿರಣಿಗೆ ಹೋಗುವುದಿಲ್ಲ. ಇದನ್ನೆಲ್ಲ ಇವತ್ತು ಬರೆದಿಡಬೇಕಾಯಿತು. ಒಬ್ಬ ಮರೆತಂತೆ ಕಂಡಿತು.

ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದೆ. ಮೈದುನನ ಮಗ ಹೇಮಂತ ಬಂದ. ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಬಿರುಗಾಳಿ ಮ್ಯಾಚಿನ ನೆನಪುಗಳನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದಾನಂತೆ. ಊರ ಗಂಡಸರೆಲ್ಲ ಮಾತಾಡಿದ್ದಾರೆ. ತೋರಿಸಿದ.

ಕುರಿಕಾರ ಲಕ್ಷ್ಮಪ್ಪ ಮೀಸೆ ತಿರುವುತ್ತ ಹೇಳುತ್ತಾನೆ— "ಆಣಿಕಲ್ಲು ಅಂದ್ರ ಅಂಥಿಂಥಾವಲ್ಲ, ಒಂದೊಂದು ತೆಂಗಿನಕಾಯಿ! ನಮ್ಮ ಟಗರಿನ ಕೋಡು ಮುರೀತ್ರಿ. ಗೌಡ್ರು ಸೀಟಿ ಊದಿದ್ರು ನೋಡ್ರಿ... ಯಮನೂರ ದರ್ಗಾದ ತನಕ ಕೇಳಿತ್ತು."

ಇದೇ ಲಕ್ಷ್ಮಪ್ಪ ಮೊದಲು ಲಿಂಬೆಹಣ್ಣು ಎನ್ನುತ್ತಿದ್ದ. ಆಮೇಲೆ ಮಾವಿನಕಾಯಿ ಆಯಿತು. ಈಗ ತೆಂಗು. ಇನ್ನೆರಡು ವರ್ಷ ಬದುಕಿದರೆ ಕುಂಬಳಕಾಯಿ.

"ನನ್ನ ಕೇಳೋ," ಎಂದೆ.

"ನಿಮಗೇನ್ ಗೊತ್ತ್ರಿ ದೊಡ್ಡವ್ವ? ಆವಾಗ ಹೆಣಮಕ್ಕಳು ಗ್ರೌಂಡಿಗೆ ಬರತಿದ್ದಿಲ್ಲಲ್ರಿ."

"ಗ್ರೌಂಡ್ ಪೂರಾ ಕಾಣೂದು ಮಾಳಿಗಿ ಮ್ಯಾಲಿಂದನ. ಕಟ್ಟಿ ಮ್ಯಾಲ ಕುಂತವ್ರಿಗೆ ಮುಂದಿನವನ ತಲಿ ರುಂಬಾಲ ಕಾಣತೈತಿ, ಅಷ್ಟ."

ಮೊಬೈಲು ಹಿಡಿದ. ಹೇಳಿದೆ. ಮಗ ಸಂಗನಬಸವ ತೊಟ್ಟಿಲಲ್ಲಿದ್ದ ವರ್ಷ. ಮನೆಯ ಹಿಂದೆ ನಮ್ಮ ಹಕ್ಕಲ, ಬಿತ್ತದೆ ಬಿಟ್ಟ ಹೊಲ; ಅಲ್ಲಿ ನಮ್ಮೂರಿಗೂ ಯಮನೂರಿಗೂ ಫುಟ್‌ಬಾಲ್ ಫೈನಲ್. ನಮ್ಮ ಯಜಮಾನರೇ ರೆಫ್ರಿ. ಗೋಲು ಸಮ. ಗಾಳಿ ಎದ್ದಿತು, ಕರಿ ಧೂಳು, ಹಿಂದೆಯೇ ಆಣೆಕಲ್ಲು. ಆಗ ಊರೆಲ್ಲ ಮಣ್ಣಿನ ಮಾಳಿಗೆ. ಗಾಳಿ ಬಂತೆಂದರೆ ಮೊದಲು ಬೆಳಕಿಂಡಿ ಮುಚ್ಚಬೇಕು, ಇಲ್ಲದಿದ್ದರೆ ಮನೆಯೊಳಗಿನ ಕಾಳು ಹಾಳು. ಇದು ನಮ್ಮ ಮಕ್ಕಳಿಗೆ ನಡೆಯುವ ಮೊದಲೇ ಗೊತ್ತು. ನಮ್ಮ ಹನ್ನೊಂದೂ ಜನ ಆಟ ಬಿಟ್ಟು ತಮ್ಮ ತಮ್ಮ ಮಾಳಿಗೆಗೆ ಓಡಿದರು. ಯಜಮಾನರೂ ಓಡಿ ಬಂದರು. ಇಬ್ಬರೂ ಬೆಳಕಿಂಡಿಯ ತಗಡು ಒತ್ತಿ ಹಿಡಿದಿದ್ದೆವು. ಸೀಟಿ ಅವರ ಹಲ್ಲುಗಳ ನಡುವೆಯೇ ಇತ್ತು. ಊದಿರಲಿಲ್ಲ. ಕೆಳಗೆ ಯಮನೂರಿನ ಮಾಬುಸಾಬ ಒಬ್ಬನೇ ಆ ಮಳೆಯಲ್ಲಿ ಚೆಂಡು ಒಯ್ದು ಖಾಲಿ ಗೋಲಿಗೆ ಒದ್ದ. ನಾನು "ಗೋಲಾತು!" ಎಂದು ಕೂಗಿದೆ.

ಅತ್ತೆ ರಟ್ಟೆ ಹಿಡಿದು ಎಳೆದರು. "ಗೌಡರ ಸೊಸಿ ಮಾಳಿಗಿ ಮ್ಯಾಲ ನಿಂತು ಒದರತಾಳೇನು?"

ಸಂಜೆ ನಮ್ಮ ಮಂದಿ, ಗೌಡರು ಮೊದಲೇ ಸೀಟಿ ಊದಿ ಆಟ ನಿಲ್ಲಿಸಿದ್ದರು, ಆ ಗೋಲು ಲೆಕ್ಕಕ್ಕಿಲ್ಲ ಎಂದರು. ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿದೆ, ಸೀಟಿ ಊದಿಲ್ಲ ಎಂದು. ಯಾರೂ ಕೇಳಿಸಿಕೊಳ್ಳಲಿಲ್ಲ. ಯಜಮಾನರು ಎಲೆ ಅಡಿಕೆ ಹಾಕಿಕೊಂಡರು. ಬಾಯಿ ತುಂಬಿದವರು ಏನು ಹೇಳುತ್ತಾರೆ! ಗೆದ್ದವರಿಗೆಂದು ಇಟ್ಟಿದ್ದ ಡಾಲು, ಆ ದೊಡ್ಡ ಶೀಲ್ಡು, ನಮ್ಮ ಗೋಡೆಗೇ ಉಳಿಯಿತು. ಯಮನೂರಿನವರು ಮತ್ತೆ ಆಡಲು ಬರಲಿಲ್ಲ.

ಹೇಮಂತ ಅರ್ಧಕ್ಕೇ ಮೊಬೈಲು ಇಳಿಸಿದ್ದ. "ಇದು ಹಾಕೂದು ಬ್ಯಾಡ್ರಿ ದೊಡ್ಡವ್ವ. ದೊಡ್ಡಪ್ಪನ ಹೆಸರು ಕೆಡತೈತಿ."

ಸಂಡಿಗೆ ಬೇರೆ ತುಳಿದುಕೊಂಡು ಹೋದ.

ಏಪ್ರಿಲ್ ೧೪, ಸೋಮವಾರ

ಮತ್ತೆ ಮ್ಯಾಚು ಹಚ್ಚಿದ್ದಾರೆ. ಈ ಸಲ ಹುಡುಗಿಯರು. ಮೊಮ್ಮಗಳು ರೋಹಿಣಿ ನಮ್ಮೂರಿನ ಕೀಪರು. ಯಮನೂರಿನ ಕ್ಯಾಪ್ಟನ್ ಅತಿಯಾ, ಮಾಬುಸಾಬನ ಮೊಮ್ಮಗಳು. ಇಬ್ಬರೂ ನವಲಗುಂದದ ಕಾಲೇಜಿನಲ್ಲಿ ಒಂದೇ ಬೆಂಚು. ಅಜ್ಜಂದಿರ ಜಗಳ ಮೊಮ್ಮಕ್ಕಳು ಆಡಿ ಮುಗಿಸುತ್ತಾರಂತೆ. ಆಗಲಿ.

ಅತಿಯಾ ಮಧ್ಯಾಹ್ನ ಊಟಕ್ಕೆ ಬಂದಿದ್ದಳು. ರೊಟ್ಟಿ ಮುರಿಯುತ್ತ ಗೋಡೆ ನೋಡಿದಳು.

"ಆಯಿ, ನಮ್ಮಜ್ಜ ಹೇಳೂ ಡಾಲು ಇದ ಏನ್ರಿ?"

"ಊಟ ಮಾಡು ಮೊದಲ."

"ಧೂಳ ಭಾಳ ಕೂತೈತ್ರಿ. ಒರಸಲೇನ್ರಿ?"

"ಬ್ಯಾಡ," ಎಂದೆ. ಈ ಮನೆಯಲ್ಲಿ ನಾನು ಒರೆಸದ ವಸ್ತು ಅದೊಂದೇ. ಸೊಸೆಗೂ ಮುಟ್ಟಗೊಟ್ಟಿಲ್ಲ. ಯಾಕೆ ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ.

ಏಪ್ರಿಲ್ ೨೦, ರವಿವಾರ, ಸಂಜೆ

ಪೆನ್ನು ಒತ್ತಿ ಒಂದು ಹಾಳೆ ಹರಿದೆ. ಸಿಟ್ಟಿಗೆ. ತಗಡು ಹಿಡಿದು ಬೆರಳೂ ಕೊಯ್ದಿದೆ.

ಆಟ ಚೆನ್ನಾಗಿ ನಡೆದಿತ್ತು. ಒಂದಕ್ಕೊಂದು ಸಮ. ರೋಹಿಣಿ ಎರಡು ಚೆಂಡು ಜಿಗಿದು ಹಿಡಿದಳು. ನಾನು ಮಾಳಿಗೆಯ ಮೇಲೆ, ನನ್ನ ಜಾಗದಲ್ಲಿ. ಸಂಗನಬಸವ ತೀರಿಹೋದ ಅಪ್ಪನ ಸೀಟಿ ಕೊರಳಿಗೆ ಹಾಕಿಕೊಂಡು ರೆಫ್ರಿ. ಸೊಸಾಯಿಟಿ ಚೇರಮನ್ ಆದಮೇಲೆ ಎಲ್ಲದಕ್ಕೂ ಅವನೇ.

ಅಣ್ಣಿಗೇರಿ ಕಡೆ ಮುಗಿಲು ಕಪ್ಪಾಯಿತು. ನೋಡನೋಡುತ್ತ ಗಾಳಿ. ಪೆಂಡಾಲಿನ ತಾಡಪತ್ರಿ ಕಿತ್ತು ಹೋಗಿ ಜಾಲಿಗಿಡಕ್ಕೆ ಸಿಕ್ಕಿತು. ಕುರ್ಚಿಗಳು ಉರುಳಿದವು. ಮಂದಿ ದಿಕ್ಕಾಪಾಲು. ಊರೆಲ್ಲ ಈಗ ಸ್ಲ್ಯಾಬು, ಮಣ್ಣಿನ ಮಾಳಿಗೆ ಉಳಿದದ್ದು ನಮ್ಮದು. ನಾನೇ ಬೇಡವೆಂದಿದ್ದೆ ಸ್ಲ್ಯಾಬು. ಬೆಳಕಿಂಡಿಗೆ ತಗಡು ಎಳೆದೆ. ಗಾಳಿ ತಗಡನ್ನೂ ನನ್ನನ್ನೂ ಕೂಡಿಯೇ ಎತ್ತಿತು.

ರೋಹಿಣಿ ನೋಡಿದಳು. ಗೋಲು ಬಿಟ್ಟಳು. ಓಡಿಬಂದು ನಿಚ್ಚಣಿಕೆ ಏರಿ ತಗಡಿನ ಮೇಲೆ ಬಿದ್ದಳು.

"ಯಾರು ಕರದ್ರ ನಿನ್ನ? ಹೋಗ ಕೆಳಗ!"

"ಹಾರಿ ಹೋಗ್ತಿದ್ದಿ ಆಯಿ! ಸುಮ್ಮ ಹಿಡಿ."

ಅದೇ ಹೊತ್ತಿಗೆ ಕೆಳಗೆ ಅತಿಯಾ. ತಲೆ ತಗ್ಗಿಸಿ, ಕಣ್ಣು ಕಿರಿದು ಮಾಡಿ, ಗಾಳಿಗೆ ಎದುರಾಗಿ ಚೆಂಡು ತಂದಳು. ಗಾಳಿಗೆ ಚೆಂಡು ವಾಪಸು ಬಂತು, ಮತ್ತೆ ಒದ್ದಳು. ಒಳಗೆ ಹೋಯಿತು. ಸಂಗನಬಸವ ಎಲ್ಲಿ? ಬೇವಿನ ಗಿಡದ ಕೆಳಗೆ. ಎರಡೂ ಕೈ ತಲೆಯ ಮೇಲೆ. ಸೀಟಿ ಹೊಟ್ಟೆಯ ಮೇಲೆ ಜೋತಾಡುತ್ತಿತ್ತು. ನನ್ನ ಕಣ್ಣು ಇನ್ನೂ ಚೆನ್ನಾಗಿವೆ.

ಮಳೆ ನಿಂತಮೇಲೆ ಒಳಗೆ ಬಂದ. ತಲೆ ಒರೆಸಿಕೊಳ್ಳುತ್ತ ಹೇಳಿದ— "ನಾ ಮೊದಲ ಸೀಟಿ ಊದಿದ್ದೆ. ಗೋಲು ಇಲ್ಲ."

ಆವತ್ತು ಅಪ್ಪ ಎಲೆ ಅಡಿಕೆ ಹಾಕಿಕೊಂಡು ಸುಮ್ಮನಾದ. ಮಗ ಬಾಯಿ ಬಿಟ್ಟೇ ಹೇಳಿದ. ಮನೆತನ ಮುಂದುವರಿಯುತ್ತಿದೆ.

ಏಪ್ರಿಲ್ ೨೧, ಸೋಮವಾರ

ಒಂದೇ ದಿನ. ಊರಿಗೆ ನೆನಪು ಬಂದುಬಿಟ್ಟಿದೆ! ಎಲ್ಲರೂ ಸೀಟಿ ಕೇಳಿದ್ದಾರೆ.

ಲಕ್ಷ್ಮಪ್ಪ ಹಾಲು ಹಾಕಲು ಬಂದಾಗ ಹಿಡಿದೆ. "ನೀ ಎಲ್ಲಿದ್ದಿ ನಿನ್ನೆ, ಗಾಳಿ ಬಂದಾಗ?"

"ಅಲ್ಲೇ ಇದ್ದೆರಿ ಅವ್ವಾರ. ಟ್ರ್ಯಾಕ್ಟರ್ ಟ್ರಾಲಿ ಕೆಳಗ."

"ಟ್ರಾಲಿ ಕೆಳಗ ಏನ್ ಮಾಡತಿದ್ದಿ?"

"ಕಿವಿ ಮುಚಿಗೊಂಡು ಕುಂತಿದ್ದೆರಿ. ಸಿಡಲು ಅಂದ್ರ ನನಗ ಮೊದಲಿಂದ ಅಂಜಿಕಿ."

"ಕಿವಿ ಮುಚಿಗೊಂಡ ಸೀಟಿ ಕೇಳಿದಿ?"

ಹಾಲಿನ ಅಳತೆ ನೋಡಿದ. ನನ್ನ ಕಡೆ ನೋಡಲಿಲ್ಲ. "ಗೌಡ್ರು ಊದೀನಿ ಅಂದಮ್ಯಾಲ ಕೇಳೇಬೇಕಲ್ರಿ ಅವ್ವಾರ."

ಕೇಳೇಬೇಕಂತೆ. ನಾಚಿಕೆಯಾಯಿತು. ಅವನ ಸಲುವಾಗಿ ಅಲ್ಲ.

ಏಪ್ರಿಲ್ ೨೩, ಬುಧವಾರ

ಯಮನೂರಿನಿಂದ ಹಿರಿಯರು ಬಂದಿದ್ದರು. ಮಾಬುಸಾಬನೂ. ಕೂದಲು ಬೆಳ್ಳಗಾಗಿದೆ, ಬೆನ್ನು ನೆಟ್ಟಗಿದೆ. ಅವನನ್ನು ನಮ್ಮ ಮಂದಿ ಖಾಲಿ ಗೋಲಿನ ಮಾಬುಸಾಬ ಎಂದೇ ಕರೆಯುತ್ತಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ಎದುರಿಗೇ. ಇವತ್ತೂ ಹೊರಗೆ ಯಾರೋ ಅಂದರು, ಯಾರೋ ನಕ್ಕರು.

ಚಹಾ ಕಳಿಸಿ ಬಾಗಿಲಲ್ಲಿ ನಿಂತೆ. ವಾದ ಬಹಳ ಹೊತ್ತು ನಡೆಯಿತು. ಕಡೆಗೆ ಮಾಬುಸಾಬನೇ ಹೇಳಿದ— "ಭಾಳ ಮಾತು ಬ್ಯಾಡ್ರಿ ಗೌಡ್ರ. ಗೋಲು ಬಿಟ್ಟು ಹ್ವಾದಾಕಿ ನಿಮ್ಮ ಮಗಳು. ಆಕಿ ಎಲ್ಲಾರ ಮುಂದ ಹೇಳ್ಲಿ. ಸೀಟಿ ಕೇಳೀನಿ ಅಂದ್ರ ನಾವು ತಿರುಗಿ ಕೇಳೂದುಲ್ಲ."

ಬಸವ ಜಯಂತಿಯ ದಿನ ಎರಡೂ ಊರಿನವರು ಹಕ್ಕಲದಲ್ಲಿ ಸೇರುವುದು. ರೋಹಿಣಿ ಹೇಳುವುದು. ಡಾಲು ಯಾರದೆಂದು ಅವಳ ಮಾತಿನ ಮೇಲೆ.

ನಾನು ಬಾಗಿಲಿಂದಲೇ ಹೇಳಿದೆ, "ನಾನೂ ನೋಡೀನಿ, ನಾ ಹೇಳತೀನಿ," ಎಂದು. ಸಂಗನಬಸವ ನಕ್ಕ. "ಅವ್ವಗ ವಯಸ್ಸಾಗೇತ್ರಿ. ಹಿಂದಿಂದು ಇಂದಿಂದು ಕೂಡಿಸಿ ಮಾತಾಡ್ತಾಳ."

ಹಿರಿಯರು ಚಹಾ ಕುಡಿದರು. ಮಾಬುಸಾಬ ಮಾತ್ರ ತಲೆಯೆತ್ತಿ ನೋಡಿದ.

ಏಪ್ರಿಲ್ ೨೫, ಶುಕ್ರವಾರ

ರೋಹಿಣಿ ಊಟ ಬಿಟ್ಟಿದ್ದಾಳೆ. ಅತಿಯಾ ಫೋನು ಮಾಡಿದರೆ ಎತ್ತುವುದಿಲ್ಲ. ಅಡುಗೆಮನೆಯಲ್ಲಿ ಅಪ್ಪ ಮಗಳ ಮಾತು ಕೇಳಿಸಿತು. ನಾನು ಒಳಗೇ ಇದ್ದೆ, ಹಿಟ್ಟಿನ ಡಬ್ಬಿಯ ಬಾಜು. ನಾನಿರುವುದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ.

"ಕೇಳೀನಿ ಅಂತ ಒಂದು ಮಾತು. ನಿನ್ನ ಗಂಟೇನು ಹೋಗತೈತಿ?"

"ಕೇಳಿಲ್ಲಪ್ಪಾ ನಾ."

"ಗಾಳ್ಯಾಗ ಕೇಳ್ಸಿಲ್ಲ ನಿನಗ. ಊದಿದ್ದು ಖರೇ."

"ಹಂಗಾರ ನೀನ ಹೇಳು. ನನ್ನ ಯಾಕ ನಿಲ್ಲಸ್ತಿ?"

"ನಿಮ್ಮಜ್ಜನ ಕಾಲದಿಂದ ಈ ಗ್ವಾಡಿಗೈತಿ ಡಾಲು. ನಿನ್ನ ಬಾಯಿಂದ ಹ್ವಾದ್ರ ನಾ ಊರಾಗ ಹೆಂಗ ಅಡ್ಡಾಡ್ಲಿ? ಅಜ್ಜನ ಮಾನ ಕಳೀತಿ ಏನು?"

ಹುಡುಗಿ ಅತ್ತಳು. ಹೂಂ ಎಂದಳು. ನನ್ನ ಕಿವಿಯಾರೆ ಕೇಳಿದೆ.

ನನ್ನನ್ನು ಉಳಿಸಲು ಓಡಿ ಬಂದವಳು. ಅದಕ್ಕೆ ಈ ದಂಡ. ಬಸವಣ್ಣನ ಫೋಟೋದ ಮುಂದೆ, ಎರಡು ಊರಿನ ಮುಂದೆ, ಬೆಂಚಿನ ಗೆಳತಿಯ ಮುಂದೆ ನಿಲ್ಲಿಸಿ ಸುಳ್ಳು ಹೇಳಿಸುತ್ತಾನೆ. ಆಮೇಲೆ ಈ ಹುಡುಗಿ ಆಯುಷ್ಯವಿಡೀ ಆ ಸೀಟಿ ಕೇಳಿಸಿಕೊಳ್ಳಬೇಕು.

ಅವನನ್ನು ಕರೆದು, ಅವಳಿಂದ ಸುಳ್ಳು ಹೇಳಿಸಬೇಡ ಎಂದು ಹೇಳಿದೆ. "ಅವ್ವ, ಇದು ಗಂಡಸರ ವ್ಯವಹಾರ," ಎಂದು ಮೋಟರ್‌ಸೈಕಲ್ ಹತ್ತಿದ.

ಕೈಗೊಂಚಲು ನನ್ನ ಸೊಂಟದಲ್ಲಿದೆ ಎಂದು ಬರೆದಿದ್ದೆ, ಮೊದಲ ದಿನ.

ಏಪ್ರಿಲ್ ೩೦, ಬಸವ ಜಯಂತಿ. ಬೆಳಿಗ್ಗೆ

ಹಕ್ಕಲದಲ್ಲಿ ಮಂದಿ ಕೂಡುತ್ತಿದೆ. ಮೈಕು ಒದರುತ್ತಿದೆ. ನಾನು ಮಾಳಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮುಗಿಲು ಬಿಳಿ, ಗಾಳಿಯಿಲ್ಲ. ಬೇಕಾದಾಗ ಇರುವುದಿಲ್ಲ ಅದು.

ನಿನ್ನೆಯದನ್ನು ಬರೆದಿಡಬೇಕು.

ಸಂಗನಬಸವ ಸೊಸಾಯಿಟಿಗೆ ಹೋದ. ಲಿಂಗಪೂಜೆ ಮುಗಿಸಿದೆ. ಸ್ಟೂಲು ಹಾಕಿ ಡಾಲು ಇಳಿಸಿದೆ. ಪಕ್ಕದ ಮೊಳೆಯಿಂದ ಸೀಟಿಯನ್ನೂ. ಸೊಸೆ ಸುಧಾರಾಣಿ ನೋಡಿದಳು. "ಅತ್ತಿ, ಅವ್ರಿಗೆ ಏನ್ ಹೇಳ್ಲಿ?" ಎಂದಳು. "ನೀ ನೋಡಿಲ್ಲ. ಈ ಮನ್ಯಾಗ ನೋಡಿದ್ದನ್ನ ಯಾರು ಕೇಳತಾರ?" ಎಂದೆ. ಅವಳೇ ಜಮಖಾನೆ ತಂದು ಸುತ್ತಿಕೊಟ್ಟಳು.

ಬಸ್ಸಿಗೆ ಹೋದೆ. ತೊಡೆಯ ಮೇಲೆ ಗಂಟು. ಕಂಡಕ್ಟರ್ ಕೈ ಮುಗಿದು ಕೇಳಿದ, "ದೇವ್ರೇನ್ರಿ ಅವ್ವಾರ?"

"ಅಲ್ಲ. ಕಳವಿನ ಮಾಲು. ಯಮನೂರಿಗೆ ಒಂದು ಟಿಕೀಟ ಹರಿ."

ಮಾಬುಸಾಬ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಎದ್ದು ನಿಂತ. ಓಣಿಯ ಮಂದಿ ಕೂಡಿತು. ಕೂಡಲೆಂದೇ ಗಟ್ಟಿಯಾಗಿ ಹೇಳಿದೆ— "ಸೀಟಿ ಆವತ್ತೂ ಊದಿಲ್ಲ, ಮೊನ್ನೇನೂ ಊದಿಲ್ಲ. ಎರಡೂ ಗೋಲು ಹೌದು. ನಾ ಮಾಳಿಗಿ ಮ್ಯಾಲಿದ್ದೆ."

ಅವನು ಜಮಖಾನೆ ಬಿಚ್ಚಿದ. ಬೆರಳಿನಿಂದ ಗೆರೆ ಎಳೆದ.

"ಧೂಳ ಕೂತೈತ್ರಿ ಅವ್ವಾರ."

"ಒರಸೂದು ನಿನ್ನ ಕೆಲಸ. ನನ್ನದಲ್ಲ ಅಂತನ ನಾ ಮುಟ್ಟಿಲ್ಲ."

ಆಗ ಅವನು ಹೇಳಿದ. "ಆವತ್ತು ಆ ಗಾಳ್ಯಾಗ ಗೋಲು ಅಂತ ಒಂದ ಒಂದು ದನಿ ಕೇಳಿತ್ತು ನನಗ. ನಮ್ಮ ಮಂದಿ, ಗಾಳಿ ದನಿ ಅದು ಅಂದ್ರು. ಹುಚ್ಚಂದ್ರು. ಅಲ್ಲ, ಹೆಣಮಗಳ ದನಿ, ಗೌಡರ ಮಾಳಿಗಿ ಮ್ಯಾಲಿಂದು, ಅಂತಿದ್ದೆ ನಾ."

ಅವನ ಕಟ್ಟೆಯ ಮೇಲೆಯೇ ಕುಳಿತೆ. ನಾನು ಇನ್ನೊಬ್ಬರ ಕಟ್ಟೆಯ ಮೇಲೆ ಕೂಡುವುದು ಕಡಿಮೆ. ಅತಿಯಾ ನೀರು ತಂದಳು. ಸೀಟಿ ಅವಳ ಕೈಗಿಟ್ಟೆ. ತೊಳೆದು ಊದಿ ನೋಡಿದಳು. ಓಣಿಯ ನಾಯಿಗಳೆಲ್ಲ ಎದ್ದವು. ಚೆನ್ನಾಗಿಯೇ ಇದೆ ಸೀಟಿ. ಊದಿದರೆ ಊದುತ್ತದೆ.

"ರೋಹಿಣಿಗೆ ಫೋನ್ ಹಚ್ಚು ಇವತ್ತು. ಎತ್ತತಾಳ. ಡಾಲಿನ ಸುದ್ದಿ ಮಾತ್ರ ನಾ ಹೇಳತೀನಿ," ಎಂದು ಹೇಳಿ ಬಂದೆ. ರಾತ್ರಿ ಅವಳು ಎರಡು ರೊಟ್ಟಿ ಉಂಡಳು. ಏನೂ ಕೇಳಲಿಲ್ಲ. ಸಂಗನಬಸವ ಪೆಂಡಾಲು ಹಾಕಿಸುತ್ತ ರಾತ್ರಿಯೆಲ್ಲ ಹಕ್ಕಲದಲ್ಲೇ ಇದ್ದ.

ಬೆಳಕಿಂಡಿಯಿಂದ ಕಾಣುತ್ತಿದೆ, ಕೆಳಗೆ ಪಡಸಾಲೆಗೆ ಸಂಗನಬಸವ ಬಂದ. ಡಾಲು ಒಯ್ಯಲು ಬಂದಿದ್ದಾನೆ. ಗೋಡೆಯಲ್ಲಿ ಮೊಳೆ ಇದೆ. ಮೊಳೆಯ ಸುತ್ತ ಡಾಲಿನಷ್ಟಗಲ ಬೆಳ್ಳಗಿನ ಸುಣ್ಣ, ಹಳೆಯದು... ಕೂಗುತ್ತಿದ್ದಾನೆ. ಯವ್ವಾ ಎಂದು ಒಮ್ಮೆ, ಕಳ್ಳರು ಎಂದು ಒಮ್ಮೆ. ಕೂಗಲಿ. ದನಿ ಇದೆಯಲ್ಲ ಈಗ.

ರೋಹಿಣಿ ನಿಚ್ಚಣಿಕೆ ಏರಿ ಬಂದಿದ್ದಾಳೆ. "ಆಯಿ, ಮೈಕಿನ್ಯಾಗ ನನ್ನ ಹೆಸರು ಕರ್ಯಾಕತ್ಯಾರ. ಡಾಲು ಎಲ್ಲೈತಿ?"

"ಯಮನೂರಾಗ. ನಾ ಕೊಟ್ಟು ಬಂದೀನಿ. ನೀ ಇಲ್ಲೇ ಕೂಡು," ಎಂದಿದ್ದೇನೆ. ಬೆಳಕಿಂಡಿಯ ಹತ್ತಿರ ಕುಳಿತಿದ್ದಾಳೆ, ಕಣ್ಣು ಅಗಲ ಮಾಡಿಕೊಂಡು. ಮಾಳಿಗೆಯ ಅಂಚಿನಿಂದ ಹಕ್ಕಲ ಪೂರಾ ಕಾಣುತ್ತದೆ. ಮಂದಿ ಮೇಲೆ ನೋಡುತ್ತಿದ್ದಾರೆ. ಲಕ್ಷ್ಮಪ್ಪನೂ. ಇಲ್ಲಿಂದ ಕೂಗಿದರೆ ಕೇಳುತ್ತದೆಂದು ಒಬ್ಬ ಸಾಕ್ಷಿ ಹೇಳಿದ್ದಾನೆ. ಪೆನ್ನು ಇಟ್ಟು ಏಳುತ್ತೇನೆ, ಸೆರಗು ಸಿಗಿಸಿ. ಎರಡೂ ಗೋಲು ಹೌದೆಂದು ಕೂಗಬೇಕು.